ಕರೆಂಟಿಗೂ ಹೊತ್ತಿನ ಬೆಲೆ



ಉಪಯೋಗಿಸಿದ ಹೊತ್ತನ್ನು ನೋಡಿ ಯೂನಿಟ್ಟಿನ ದರ ಏರಿಳಿಯುವ ‘ಟೈಮ್ ಆಫ್ ಡೇ’ ಪದ್ಧತಿಯ ಬಗ್ಗೆ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಲೇ ಇದ್ದಾರೆ. ಆದ್ದರಿಂದ ಈ ನಾಲ್ಕು ಮಾತು.

ವಿದ್ಯುಚ್ಛಕ್ತಿಯನ್ನು ಅಡಿಕೆಯ ಹಾಗೆ ಸುಲಭವಾಗಿ ಗೋದಾಮಿನಲ್ಲಿ ಕೂಡಿಡಲಾಗದು. ಸಂಜೆ ಎಲ್ಲ ಮನೆಗಳ ದೀಪ, ಅಂಗಡಿ, ಕಾರ್ಖಾನೆಗಳು ಒಟ್ಟಿಗೆ ಕೇಳಿದಾಗ ದುಬಾರಿ ವಿದ್ಯುತ್ತನ್ನೇ ತರಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಹೈಟೆನ್ಷನ್ ಕೈಗಾರಿಕೆಗಳಿಗೆ ಸಂಜೆ 6ರಿಂದ 10ರವರೆಗೆ ಯೂನಿಟ್ಟಿಗೆ 1 ರೂಪಾಯಿ ಹೆಚ್ಚು, ರಾತ್ರಿ 10ರಿಂದ ಬೆಳಗಿನ 6ರವರೆಗೆ 1 ರೂಪಾಯಿ ಕಡಿಮೆ ಎಂಬ ದರವಿದ್ದ ವರ್ಷಗಳುಂಟು. ರಾತ್ರಿಯ ಕರೆಂಟೇ ಅಗ್ಗ ಎಂಬ ಮಾತು ಹಾಗೆ ರೂಢಿಯಾಯಿತು.

ಈಗ ಆ ಲೆಕ್ಕ ಬದಲಾಗಿದೆ. ನೆರೆಯ ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವಾಟ್. ಅದು ಹಗಲು ಧಾರಾಳವಾಗಿ ಕೊಡುತ್ತದೆ, ಹೊತ್ತು ಮುಳುಗಿದರೆ ಏನೂ ಇಲ್ಲ. ಇದನ್ನು ನೋಡಿಯೇ ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಯಮ ತಿದ್ದಿತು. ಅದರಂತೆ ಬಿಸಿಲಿನ 8 ಗಂಟೆ ದರ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ವಾಣಿಜ್ಯ ಹಾಗೂ ಕೈಗಾರಿಕೆಗೆ ಕನಿಷ್ಠ ಶೇ. 20, ಇತರರಿಗೆ ಶೇ. 10 ಹೆಚ್ಚು. 10 ಕಿಲೋವಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 1-4-2024, ಕೃಷಿ ಬಿಟ್ಟು ಉಳಿದವರಿಗೆ 1-4-2025 ಎಂದು ಗಡುವು ಹಾಕಿತು. ಗಂಟೆ, ದರಗಳನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹೊತ್ತನ್ನು ಗುರುತಿಸುವ ಮೀಟರ್ ಇಲ್ಲದೆ ಇದು ನಡೆಯದು.

ಒಂದು ಲೆಕ್ಕ ನೋಡೋಣ. ಮಾಮೂಲು ದರ 7 ರೂಪಾಯಿ ಎಂದಿಟ್ಟುಕೊಳ್ಳಿ. ಸಂಜೆ 8.40 ಆಗುತ್ತದೆ, ಬಿಸಿಲಿನಲ್ಲಿ 5.60. ಹದಿನೈದು ಅಶ್ವಶಕ್ತಿಯ ಸುಲಿಯುವ ಯಂತ್ರ 4 ಗಂಟೆ ಓಡಿದರೆ ಸುಮಾರು 45 ಯೂನಿಟ್. ವ್ಯತ್ಯಾಸ ದಿನಕ್ಕೆ 126 ರೂಪಾಯಿ, 25 ದಿನಕ್ಕೆ 3,150. ನಿಗದಿತ ಶುಲ್ಕ ಮಾತ್ರ ಹೊತ್ತು ನೋಡದೆ ಬೀಳುತ್ತದೆ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರಿಗೆ ಇದರ ಚಿಂತೆ ಬೇಡ. ಕೃಷಿ ಪಂಪ್‌ಸೆಟ್ಟುಗಳೂ ಈ ನಿಯಮದ ಹೊರಗೆ. ಆದರೂ ಬಿಸಿಲಿನ ಲಾಭ ಅವಕ್ಕೂ ಉಂಟು. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲೂಕಿನಲ್ಲಿ ಉದ್ಘಾಟನೆಯಾದ ಕುಸುಮ್-ಸಿ ಸೌರ ಘಟಕದ ಉದ್ದೇಶವೇ ಪಂಪ್‌ಸೆಟ್ಟಿಗೆ ಹಗಲು ಮೂರು ಫೇಸ್ ಕೊಡುವುದು. ರಾತ್ರಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ನೀರು ಕಟ್ಟಿದವರಿಗೆ ಅದರ ಬೆಲೆ ಗೊತ್ತು.

ಆದರೆ ಒಂದು ತೊಡಕಿದೆ. ಹಗಲೆಲ್ಲ ತೋಟದಲ್ಲಿ ದುಡಿದು ಸಂಜೆ ಕಾಯಿ ತರುವವರು ನಮ್ಮ ಸಣ್ಣ ಹಿಡುವಳಿದಾರರೇ. ಹೊತ್ತು ಬದಲಿಸಿಕೊಳ್ಳಲು ಅನುಕೂಲವಿಲ್ಲದವನ ಮೇಲೆಯೇ ದುಬಾರಿ ದರ ಬೀಳುವುದು ನ್ಯಾಯವಲ್ಲ. ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕಾದ ಕಾಫಿ ಹಣ್ಣಿಗೆ ಬೇರೆ ದಾರಿಯಿಲ್ಲ. ಅಡಿಕೆ ಮಾತ್ರ ಒಂದು ರಾತ್ರಿ ಕಾಯಬಲ್ಲದು. ಸಂಜೆ ತೂಕ ಮಾಡಿ ಚೀಟಿ ಕೊಟ್ಟು, ಮರುದಿನ ಬಿಸಿಲಿನ ಹೊತ್ತಿನಲ್ಲಿ ಸಂಘವೇ ಸುಲಿಸಿಕೊಟ್ಟರೆ ಹೇಗೆ? ಈ ಸಲಹೆಯನ್ನು ಮುಂದಿನ ಸಭೆಯ ಮುಂದಿಡುತ್ತೇವೆ.

ಅಷ್ಟರಲ್ಲಿ ಸ್ವಂತ ಯಂತ್ರವುಳ್ಳವರು ತಮ್ಮ ಬಿಲ್ಲಿನಲ್ಲಿ ವರ್ಗ, ಕಿಲೋವಾಟ್ ಎರಡನ್ನೂ ಓದಿಕೊಂಡು, ಹೊತ್ತಿನ ದರ ತಮಗೆ ತಗಲುತ್ತದೆಯೇ ಎಂದು ಬೆಸ್ಕಾಂ ಕಚೇರಿಯಲ್ಲಿ ಕೇಳಿಯೇ ಪಾಳಿ ಬದಲಿಸಬೇಕೆಂದು ಕೋರುತ್ತೇವೆ.