ಮೇಷ್ಟ್ರಿಗೂ ಬಂತು ಪರೀಕ್ಷೆ

ಟಿ.ಸಿ.ಎಚ್. ಅಥವಾ ಬಿ.ಇಡಿ. ಸರ್ಟಿಫಿಕೇಟು ಒಮ್ಮೆ ಕೈಗೆ ಬಂದು ಕೆಲಸವೂ ಸಿಕ್ಕಿತೆಂದರೆ, ನಿವೃತ್ತಿಯವರೆಗೆ ಪರೀಕ್ಷೆಯ ಚಿಂತೆಯಿಲ್ಲ ಎಂಬುದು ಶಿಕ್ಷಕರ ಬಹುಕಾಲದ ನಂಬಿಕೆ. ಆ ನಂಬಿಕೆ ಈಗ ಅಲುಗಾಡಿದೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು, 1ರಿಂದ 8ನೇ ತರಗತಿಗೆ ನೇಮಕವಾಗುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು (ಟಿಇಟಿ) ಕಡ್ಡಾಯ ಮಾಡಿತು. ಆಗ ಈ ಪ್ರಮಾಣಪತ್ರಕ್ಕೆ ಇದ್ದದ್ದು ಏಳೇ ವರ್ಷ ಆಯುಷ್ಯ. ನವೀಕರಣವೆಂದರೆ ಮತ್ತೆ ಪರೀಕ್ಷೆ ಬರೆಯುವುದೇ. ನೌಕರಿಗಾಗಿ ಕಾದು ಕುಳಿತವರ ಪಾಲಿಗೆ ಇದು ಗಾಯದ ಮೇಲೆ ಬರೆ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಜೀವಮಾನಪರ್ಯಂತ ಮಾನ್ಯ ಎಂದು ಪ್ರಕಟಿಸಿ, 2011ರಿಂದ ಪಾಸಾದವರಿಗೂ ಅನ್ವಯಿಸಿತು.

ಹಳಬರು ಮಾತ್ರ ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ನಿಶ್ಚಿಂತರಾಗಿದ್ದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು ಅವರನ್ನೂ ತಟ್ಟಿತು. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲವೇ ಸೇವೆ ಬಿಡಬೇಕು ಎಂದಿತು ತೀರ್ಪು. ಅದಕ್ಕಿಂತ ಕಡಿಮೆ ಸೇವೆ ಇರುವವರು ನಿವೃತ್ತಿಯವರೆಗೆ ಮುಂದುವರಿಯಬಹುದು. ಬಡ್ತಿ ಬೇಕಿದ್ದರೆ ಅವರೂ ಪಾಸಾಗಲೇಬೇಕು. 60ಕ್ಕೆ ನಿವೃತ್ತಿಯಾಗುವ ನಮ್ಮ ಸರ್ಕಾರಿ ಶಾಲೆಗಳಲ್ಲಿ, ಅಂದು 54 ವರ್ಷವಾಗಿದ್ದವರು ಈ ಲೆಕ್ಕದಂತೆ ಪರೀಕ್ಷೆಗೆ ಕೂರಬೇಕು. 56 ಆಗಿದ್ದವರು ಬಚಾವು.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. 150 ಪ್ರಶ್ನೆ, 150 ಅಂಕ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ ಶೇ. 60, ಅಂದರೆ 90 ಅಂಕ ಬೇಕು. 6ರಿಂದ 8ನೇ ತರಗತಿಯ ಪತ್ರಿಕೆಯಲ್ಲಿ ಶಿಶು ಮನೋವಿಜ್ಞಾನಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ 60. ವಿಜ್ಞಾನದ ಮೇಷ್ಟ್ರಿಗೆ ಬೆವರಿಳಿಸುವುದು ಬಹುಶಃ ಇಂಗ್ಲಿಷ್ ವ್ಯಾಕರಣವೇ!

ಇಪ್ಪತ್ತೈದು ವರ್ಷ ಪಾಠ ಹೇಳಿದವರ ಯೋಗ್ಯತೆಯನ್ನು ಎರಡೂವರೆ ಗಂಟೆಯಲ್ಲಿ ಅಳೆಯಬಹುದೇ? ಅಳೆಯಲಾಗದು. ಹಿಂದಿನ ಬೆಂಚಿನ ಹುಡುಗನಿಗೂ ಭಿನ್ನರಾಶಿ ಅರ್ಥ ಮಾಡಿಸುವ ಕಲೆ ಯಾವ ಉತ್ತರ ಪತ್ರಿಕೆಯಲ್ಲೂ ಕಾಣುವುದಿಲ್ಲ. ನೌಕರಿಯ ಮೇಲೆಯೇ ಕತ್ತಿ ತೂಗುಹಾಕಿ ಓದಿಸುವುದೂ ಒಳ್ಳೆಯ ಪದ್ಧತಿಯಲ್ಲ.

ಆದರೆ ಓದು ನಿಲ್ಲಿಸಲು ಅದು ನೆಪವಾಗಬಾರದು. ನಾವು ಬಿ.ಎಸ್ಸಿ. ಓದುವಾಗ ಗ್ರಹಗಳು ಒಂಬತ್ತು. 2006ರಲ್ಲಿ ಪ್ಲೂಟೊ ಪಟ್ಟಿಯಿಂದ ಹೊರಬಿತ್ತು. ಪ್ಯಾರಿಸ್ ಬಳಿ ಕಾಪಾಡಿಟ್ಟ ಲೋಹದ ಗಟ್ಟಿಯೇ ಕಿಲೋಗ್ರಾಂ ಎಂದು ಕಲಿತೆವು. 2019ರ ಮೇ 20ರಿಂದ ಆ ಜಾಗಕ್ಕೆ ಪ್ಲಾಂಕ್ ಸ್ಥಿರಾಂಕ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕೆನ್ನುತ್ತದೆ. ವಾರಕ್ಕೆ ಒಂದು ಗಂಟೆಯೂ ಆಗಲಿಲ್ಲ. ಸರ್ಟಿಫಿಕೇಟಿಗೆ ಜೀವಮಾನದ ಮಾನ್ಯತೆ ಸಿಕ್ಕಿರಬಹುದು; ತಿಳಿವಳಿಕೆಯನ್ನು ಮಾತ್ರ ನಾವೇ ನವೀಕರಿಸುತ್ತಿರಬೇಕು.