ಜಗ್ಗದ ಬಿರಡೆ

ಕೈಯಿಂದ ಗೇರು ಬದಲಿಸುವ ಕಾರಿನ ಗೇರುಪೆಟ್ಟಿಗೆಗೆ ಹೊಸ ತೈಲ ತುಂಬಲು ಹೊರಟ ಗೃಹಸ್ಥರು ಸಾಮಾನ್ಯವಾಗಿ ಮೊದಲು ಕೈಯಿಡುವುದು ತಳದ ಬಿರಡೆಗೆ. ಅದು ತಪ್ಪು. ಹಳೆಯ ತೈಲವೆಲ್ಲ ಸುರಿದುಹೋದ ಮೇಲೆ ತುಂಬುವ ಬಿರಡೆ ಜಗ್ಗದಿದ್ದರೆ ಕಾರು ನಿಂತಲ್ಲಿಯೇ ನಿಲ್ಲಬೇಕಾದೀತು. ಆದುದರಿಂದ ತುಂಬುವ ಬಿರಡೆಯನ್ನೇ ಮೊದಲು ಸಡಿಲಿಸಿ ನೋಡುವುದು ವಿವೇಕ.

ಬಿರಡೆ ಕಚ್ಚಿಕೊಳ್ಳುವುದೇಕೆ? ಅನೇಕ ಕಾರುಗಳಲ್ಲಿ ಪೆಟ್ಟಿಗೆ ಅಲ್ಯೂಮಿನಿಯಮ್ಮಿನದು, ಬಿರಡೆ ಉಕ್ಕಿನದು. ಇವೆರಡರ ನಡುವೆ ನೀರು, ಉಪ್ಪು ಸೇರಿದರೆ ಅಲ್ಯೂಮಿನಿಯಂ ಸವೆದು, ಅದರ ಬಿಳಿಯ ಕಿಲುಬು ತಿರುಪಿನ ಸಂದುಗಳಲ್ಲಿ ಗಟ್ಟಿಯಾಗುತ್ತದೆ.

ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು 2ರಷ್ಟು ಹಿಗ್ಗುತ್ತದೆ. ಆದಕಾರಣ ಸ್ವಲ್ಪ ದೂರ ಓಡಿಸಿ ಬೆಚ್ಚಗಾದ ಪೆಟ್ಟಿಗೆಯಲ್ಲಿ ಬಿರಡೆ ಬೇಗ ಸಡಿಲುತ್ತದೆ. ಕಾರನ್ನು ಬರಿಯ ಜ್ಯಾಕಿಗೆ ನಂಬದೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ತುಕ್ಕು ಬಿಡಿಸುವ ಎಣ್ಣೆಯನ್ನು ಬಿರಡೆಯ ಸುತ್ತ ಸವರಿ ಕಾಯಬೇಕು. ಆರು ಮೂಲೆಯ ತಲೆಗೆ ಸರಿಹೊಂದುವ ಆರು ಮೂಲೆಯ ಸಾಕೆಟ್ಟನ್ನೇ ಕೂರಿಸಬೇಕು. ಹಿಡಿಯ ಉದ್ದ ಇಮ್ಮಡಿಯಾದರೆ ಅಷ್ಟೇ ಬಲಕ್ಕೆ ಇಮ್ಮಡಿ ತಿರುಚು ದೊರೆಯುತ್ತದೆ. ಬಿರಡೆಯ ತಲೆಯನ್ನು ಎದುರಿನಿಂದ ನೋಡಿ ಅಪ್ರದಕ್ಷಿಣವಾಗಿ ತಿರುಗಿಸಬೇಕು; ಕಾರಿನಡಿ ಮಲಗಿದವರು ದಿಕ್ಕು ಮರೆತು ಮತ್ತಷ್ಟು ಬಿಗಿಯುವುದುಂಟು.

ಮರಳಿ ಕೂರಿಸುವಾಗ ಹೊಸ ವಾಷರು ಹಾಕಿ, ತಯಾರಕರು ಸೂಚಿಸಿದಷ್ಟೇ ಬಿಗಿಯಬೇಕು. ಮುಂದಿನ ಸಲ ಅದನ್ನು ಬಿಡಿಸಬೇಕಾದವರೂ ಮನೆಯವರೇ ತಾನೆ!