ಆಕಾಶ ನೋಡುತ್ತ ಗೋಡೆ ಮರೆತೆವು

2025ರ ಫೆಬ್ರುವರಿಯ ಒಂದು ರಾತ್ರಿ ಹಾಸ್ಟೆಲ್‌ಗೆ ಆಯಿಯ ಫೋನ್ ಬಂತು. ಇಂಟರ್ನಲ್ಸ್‌ಗೆ ಓದುತ್ತಿದ್ದೆ. ‘ಉಂಡೀ ಏನು?’ ಎಂದು ಕೇಳುವ ಮೊದಲೇ ಆಯಿ ಶುರು ಮಾಡಿದಳು. ‘ಏ ತಮ್ಮಾ, 2032ಕ್ಕ ಆಕಾಶದಾಗಿಂದ ಕಲ್ಲ ಬೀಳತೈತಂತ, ಖರೇ ಏನು? ನಿಮ್ಮ ಕಾಕಾ ಮನಿ ಕಟ್ಟೂದ ಬ್ಯಾಡ ಅನ್ನಾಕತ್ತಾನ.’

ನಗು ಬಂತು. ಆದರೆ ನಗಲಿಲ್ಲ. ಯಾಕೆಂದರೆ ಇಂಥದ್ದೇ ಒಂದು ಕಲ್ಲಿನ ಸುದ್ದಿಯನ್ನು ಆರು ವರ್ಷಗಳ ಹಿಂದೆ ನಮ್ಮ ಮನೆಯೊಳಗೆ ತಂದವನು ನಾನೇ.

ನಮ್ಮದು ಕಾಗವಾಡ ತಾಲ್ಲೂಕಿನ, ಕೃಷ್ಣಾ ದಂಡೆಯ ಒಂದು ಊರು. ನಮಗೆ ನದಿ ಅಂದರೆ ಹೊಳಿ. ಮಳೆಗಾಲದಲ್ಲಿ ಹೊಳಿ ತುಂಬುವುದು ನಮಗೆ ಹೊಸದಲ್ಲ. ಕಲ್ಲೋಳ–ಯಡೂರ ಬ್ಯಾರೇಜ್ ಮುಳುಗಿತು, ಭೋಜ–ಕಾರದಗಾ ದಾರಿ ಬಂದ್ ಆಯಿತು ಎಂಬ ಸುದ್ದಿ ಪ್ರತಿವರ್ಷ ಬರುತ್ತದೆ. ಗಡಿಯಾಚೆ ನರಸೋಬವಾಡಿಯಲ್ಲಿ ನೀರು ದತ್ತನ ಗುಡಿಯೊಳಗೆ ನುಗ್ಗಿ ಪಾದುಕೆಗಳ ಮೇಲಿಂದ ದಕ್ಷಿಣದ ಬಾಗಿಲಿಗೆ ಹರಿದರೆ ಜನ ಅದನ್ನು ಪುಣ್ಯವೆಂದು ಬಗೆದು ಸ್ನಾನಕ್ಕೆ ಹೋಗುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯಿಂದಲೂ ಹೋಗುವವರಿದ್ದಾರೆ. ಹೊಳಿ ನಮಗೆ ಮೊದಲಿಂದ ಹೆದರಿಕೆಯ ವಸ್ತುವಲ್ಲ.

2019ರ ಆಗಸ್ಟ್ ಅದನ್ನು ಬದಲಿಸಿತು.

ಒಂಬತ್ತನೇ ಕ್ಲಾಸಿನ ‘ವಿಜ್ಞಾನಿ’

ಆಗ ನಾನು ಒಂಬತ್ತನೇ ತರಗತಿ. 2005ರ ನೆರೆಯಲ್ಲಿ ನೀರು ಬಂದು ನಿಂತ ಗೆರೆಯನ್ನು ನಮ್ಮ ಮನೆಯ ಗೋಡೆಯ ಮೇಲೆ ಅಪ್ಪ ಸುಣ್ಣದಿಂದ ಗುರುತು ಮಾಡಿದ್ದರು. ‘ಇದರ ಮ್ಯಾಲ ನೀರ ಬರೂದಿಲ್ಲ’ ಎಂದು ಕಾಕಾ ಎಲ್ಲರಿಗೂ ಹೇಳುತ್ತಿದ್ದರು. ಆ ವರ್ಷ ನೀರು ಆ ಗೆರೆಯನ್ನು ದಾಟಿತು. ಯಮಗರ್ಣಿ ಹತ್ತಿರ ವೇದಗಂಗೆ ಹೆದ್ದಾರಿಯನ್ನೇ ನುಂಗಿ, ಪುಣೆ–ಬೆಂಗಳೂರು ರಸ್ತೆ ದಿನಗಟ್ಟಲೆ ಬಂದ್ ಆಯಿತು. ಎರಡು ಎಮ್ಮೆ, ಒಂದು ಕರು, ಜೋಳದ ಚೀಲ, ಆಯಿಯ ಟ್ರಂಕು ಹೇರಿಕೊಂಡು ಟ್ರ್ಯಾಕ್ಟರಿನಲ್ಲಿ ಎತ್ತರದ ಊರಿನ ಶಾಲೆಯೊಂದಕ್ಕೆ ಬಂದೆವು. ಅದೇ ಗಂಜಿ ಕೇಂದ್ರ.

ಅಲ್ಲಿ ಮಾಡಲು ಕೆಲಸವಿರಲಿಲ್ಲ. ಇದ್ದದ್ದು ಒಂದು ಕೋಣೆಯಲ್ಲಿ ಹತ್ತು ಮನೆಯ ಜನ ಮತ್ತು ಕೆಲವು ಮೊಬೈಲ್. ಮೊದಲ ರಾತ್ರಿ ‘ಕೊಯ್ನಾ ಒಡದೈತಿ’ ಎಂಬ ಸುದ್ದಿ ಬಂತು. ಮರುದಿನ ‘ರಾಧಾನಗರಿ ಗೇಟ ಕಿತ್ತು ಹೋಗ್ಯಾವು’ ಅಂತ. ರಾಧಾನಗರಿಯ ಗೇಟುಗಳು ಸ್ವಯಂಚಾಲಿತ. ನೀರು ಒಂದು ಮಟ್ಟ ಮುಟ್ಟಿದರೆ ತಾವೇ ತೆರೆದುಕೊಳ್ಳುತ್ತವೆ. ‘ತಾವೇ ತೆರೆದವು’ ಅನ್ನುವುದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ಕಿತ್ತು ಹೋದವು’ ಆಗಿತ್ತು.

ಮೂರನೇ ಸುದ್ದಿ ನನ್ನದು. ಆಗಸ್ಟ್ 10ರಂದು ಕ್ಷುದ್ರಗ್ರಹವೊಂದು ಭೂಮಿಯ ಸಮೀಪ ಹಾದುಹೋಗಲಿದೆ ಎಂಬ ಮಾತು ಆಗ ಜಗತ್ತಿನ ಎಲ್ಲ ಕಡೆ ಓಡಾಡುತ್ತಿತ್ತು. ಅದರ ಹೆಸರು 2006 ಕ್ಯೂಕ್ಯೂ23. ನನಗೆ ಬಂದ ಮೆಸೇಜಿನಲ್ಲಿ ‘ಹಾದುಹೋಗುವುದು’ ಇರಲಿಲ್ಲ, ‘ಬೀಳುವುದು’ ಇತ್ತು. ತರಗತಿಯಲ್ಲಿ ವಿಜ್ಞಾನಕ್ಕೆ ಹೆಚ್ಚು ಅಂಕ ತೆಗೆಯುವ ಹುಡುಗ ನಾನು. ಗಂಭೀರವಾಗಿ ಎಲ್ಲರಿಗೂ ಓದಿ ಹೇಳಿದೆ. ಆರೇಳು ಬಂಧುಗಳಿಗೆ ಕಳಿಸಿದೆ. ಮಳೆ, ನೆರೆ, ಈಗ ಆಕಾಶದಿಂದ ಕಲ್ಲು. ಎಲ್ಲ ಒಂದಕ್ಕೊಂದು ಕೂಡಿಕೊಂಡಂತೆ ಕಂಡಿತು. ‘ಪ್ರಳಯ ಅಂದ್ರ ಹಿಂಗ ಇರತೈತಿ’ ಎಂದರು ಕಾಕಾ.

ಆಗಸ್ಟ್ 10 ಬಂತು, ಹೋಯಿತು. ಆ ಕಲ್ಲು ನಮ್ಮಿಂದ ಸುಮಾರು 74 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಚಂದ್ರ ಇರುವ ದೂರದ 19 ಪಟ್ಟು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಬಿಸಿಲಿಗೆ ಬಿದ್ದ ಗೋಡೆ

ನೀರು ಇಳಿದ ಮೇಲೆ ಊರಿಗೆ ಮರಳಿದೆವು. ಮನೆ ನಿಂತಿತ್ತು. ಮಣ್ಣಿನ ಗೋಡೆ, ಮೇಲೆ ಹಂಚು. ಕೆಸರು ಬಳಿದು ಹಾಕಿ, ದನಗಳನ್ನು ಹಿಂದಿನ ಗೋಡೆಯ ಪಕ್ಕ ಕಟ್ಟಿದೆವು. ‘ಇಷ್ಟ ನೀರಿಗೆ ಬೀಳಲಾರದ ಗ್ವಾಡಿ ಇನ್ನೇನ ಬೀಳತೈತಿ’ ಎಂದು ಎಲ್ಲರಿಗೂ ಧೈರ್ಯ. ಕಟ್ಟೆಯ ಮೇಲೆ ಮಾತು ಮಾತ್ರ ಪ್ರಳಯದ್ದೇ. ಮುಂದಿನ ವರ್ಷ ಏನು, ಕೊಯ್ನಾ ಎಷ್ಟು ದಿನ ತಾಳುತ್ತದೆ, ಸಮುದ್ರ ಎಲ್ಲಿಯವರೆಗೆ ಬರುತ್ತದೆ.

ಮೂರನೇ ದಿನ ಚೆನ್ನಾಗಿ ಬಿಸಿಲು ಬಿತ್ತು. ಮಧ್ಯಾಹ್ನ ಹಿಂದಿನ ಗೋಡೆ ಕುಸಿಯಿತು. ಕರು ಸತ್ತಿತು. ಅದನ್ನು ಬಿಚ್ಚಲು ಓಡಿದ ಕಾಕಾನ ಬಲಗಾಲು ಮುರಿಯಿತು. ಇವತ್ತಿಗೂ ಅವರು ಕುಂಟುತ್ತಾರೆ.

ಮಣ್ಣಿನ ಗೋಡೆ ನೆರೆಯಲ್ಲಿ ನಿಂತಿತು ಎಂದರೆ ಗೆದ್ದಿತು ಎಂದಲ್ಲ ಎಂಬುದನ್ನು ನಾನು ಕಲಿತದ್ದು ಸಿವಿಲ್ ಎಂಜಿನಿಯರಿಂಗ್ ಸೇರಿದ ಮೇಲೆ. ನೀರು ಇದ್ದಾಗ ಗೋಡೆಯ ಎರಡೂ ಬದಿ ಒತ್ತಡ ಸಮನಾಗಿರುತ್ತದೆ. ನೀರು ಇಳಿದಾಗ ಆ ಆಸರೆ ಹೋಗುತ್ತದೆ, ನೆನೆದ ಮಣ್ಣಿನ ಭಾರ ಉಳಿಯುತ್ತದೆ. ಆಮೇಲೆ ಬಿಸಿಲಿಗೆ ಹೊರಮೈ ಬೇಗ ಒಣಗಿ ಬಿರುಕು ಬಿಡುತ್ತದೆ, ಒಳಗಿನದು ಮೆತ್ತಗೇ ಇರುತ್ತದೆ. ಅಡಿಪಾಯದ ಮಣ್ಣು ಅಷ್ಟರಲ್ಲಿ ಸಡಿಲಾಗಿರುತ್ತದೆ. ಹೀಗಾಗಿ ಎಷ್ಟೋ ಮನೆಗಳು ಬೀಳುವುದು ನೆರೆ ಬಂದಾಗಲ್ಲ, ಹೋದ ಮೇಲೆ.

ಇಷ್ಟು ಯಾರಾದರೂ ಹೇಳಿದ್ದರೆ ದನಗಳನ್ನು ಬಯಲಲ್ಲಿ ಕಟ್ಟುತ್ತಿದ್ದೆವು. ಆ ಎರಡು ವಾರ ನನ್ನ ಕೈಯಲ್ಲಿ ಮೊಬೈಲ್ ಇತ್ತು. ನಾನು ಹುಡುಕಿದ್ದು 74 ಲಕ್ಷ ಕಿಲೋಮೀಟರ್ ಆಚೆಗಿನ ಕಲ್ಲನ್ನು. ಮೂರು ಮಾರು ದೂರದ ಗೋಡೆಯನ್ನಲ್ಲ.

ಹೆದರಿಕೆ ಹಳೆಯದು

ಆಯಿಯನ್ನು ಕೇಳಿದರೆ ಇಂಥ ಕಥೆಗಳು ಬಹಳ. 1962ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಡಿ ಲೋಕ ಮುಳುಗುತ್ತದೆ ಎಂದು ದೇಶದ ತುಂಬ ಹೋಮ ಹವನ ನಡೆದವು. 1979ರ ಜುಲೈಯಲ್ಲಿ ಅಮೆರಿಕದ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆ ಎಂದು ಗುಲ್ಲೆದ್ದಿತು. ‘ಹೆಂಗೂ ಸಾಯೂದೈತಿ ಅಂತ ನಮ್ಮೂರಾಗ ಕೋಳಿ ಕೊಯ್ದು ಉಂಡ್ರು’ ಎನ್ನುತ್ತಾಳೆ. ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಬಿದ್ದವು. 2012ರ ಡಿಸೆಂಬರ್ 21 ನನಗೇ ನೆನಪಿದೆ. ಅವತ್ತು ಶಾಲೆಗೆ ರಜೆ ಸಿಗುತ್ತದೆಂದು ಕಾದಿದ್ದೆವು, ಸಿಗಲಿಲ್ಲ.

ಭವಿಷ್ಯ ಕೇಳುವುದು ನಮ್ಮ ಭಾಗದ ಬದುಕಿನಲ್ಲೇ ಇದೆ. ನಿಪ್ಪಾಣಿ ತಾಲ್ಲೂಕಿನ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯಲ್ಲಿ ಭಾಕಣೂಕ ಕೇಳಲು ಎರಡೂ ರಾಜ್ಯಗಳ ಜನ ಸೇರುತ್ತಾರೆ. ಮಳೆ, ಬೆಳೆ, ರಾಜಕೀಯ, ಯುದ್ಧ ಎಲ್ಲವೂ ಅದರಲ್ಲಿ ಬರುತ್ತವೆ. ನಾನು ಅದನ್ನು ಹೀಯಾಳಿಸುವುದಿಲ್ಲ. ಜಾತ್ರೆಯ ನುಡಿಯನ್ನು ಎಲ್ಲರೂ ಕೂತು ಕೇಳುತ್ತಾರೆ, ವಾದಿಸುತ್ತಾರೆ, ಮರುದಿನ ಬಿತ್ತನೆಗೆ ಹೋಗುತ್ತಾರೆ. ಮೊಬೈಲ್‌ನ ನುಡಿ ಹಾಗಲ್ಲ. ಅದು ನಡುರಾತ್ರಿ ಒಬ್ಬೊಬ್ಬರಿಗೇ ಬರುತ್ತದೆ. 2020ರ ಏಪ್ರಿಲ್ 29ಕ್ಕೆ ಮತ್ತೊಂದು ಕ್ಷುದ್ರಗ್ರಹದ ಹೆಸರಿನಲ್ಲಿ ಅದೇ ಹೆದರಿಕೆ ಮತ್ತೆ ಬಂತು. ಆಗ ನೆರೆಯ ಬದಲು ಕೊರೊನಾ ಇತ್ತು, ಅಷ್ಟೇ ವ್ಯತ್ಯಾಸ.

ಒಂದು ದೊಡ್ಡ ಅನಾಹುತ ಕಂಡ ಮೇಲೆ ಮನಸ್ಸು ಮುಂದಿನದ್ದಕ್ಕೆ ಬಾಗಿಲು ತೆರೆದಿಟ್ಟಿರುತ್ತದೆ. ‘ಸುಣ್ಣದ ಗೆರಿ ದಾಟೂದಿಲ್ಲ ಅಂದಿದ್ರು, ದಾಟಿತು. ಹಂಗಾದ್ರ ಇದೂ ಆಗಬಹುದು’ ಎಂಬುದು ಆಯಿಯ ತರ್ಕ. ಅದು ಮೂರ್ಖತನವಲ್ಲ. ಒಮ್ಮೆ ಮನೆ ಕಳೆದುಕೊಂಡವರ ಲೆಕ್ಕ ಅದು.

ಎರಡು ಹೆದರಿಕೆ, ಎರಡು ಲೆಕ್ಕ

ಎಲ್ಲ ಭಯವೂ ಸುಳ್ಳಲ್ಲ. 1961ರಲ್ಲಿ ಪಾನಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿತ್ತು. 1967ರ ಡಿಸೆಂಬರ್ 11ರ ನಸುಕಿನ ಕೊಯ್ನಾ ಭೂಕಂಪದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಆವತ್ತು ಅಡುಗೆಮನೆಯ ಹಿತ್ತಾಳೆ ಕೊಡ ಉರುಳಿದ ಸದ್ದು ಆಯಿಗೆ ಇನ್ನೂ ನೆನಪಿದೆ. ಆದರೆ ಪಾನಶೇತ್ ಮಣ್ಣಿನದು, ಕಾಮಗಾರಿ ಪೂರ್ತಿ ಮುಗಿದಿರಲಿಲ್ಲ. ಕೊಯ್ನಾ ಕಾಂಕ್ರೀಟಿನದು. ಆ ಭೂಕಂಪದಲ್ಲಿ ಬಿರುಕು ಬಿಟ್ಟರೂ ಒಡೆಯಲಿಲ್ಲ. ಆಮೇಲೆ ಅದನ್ನು ಬಲಪಡಿಸಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗಲೂ ಹೋದದ್ದು ಗೇಟ್, ಅಣೆಕಟ್ಟಲ್ಲ. ಒಂದು ವಾರದಲ್ಲಿ ಅಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು.

ಕೊಯ್ನಾದಲ್ಲಿ ಸುಮಾರು 105 ಟಿಎಂಸಿ ನೀರು ಹಿಡಿಯುತ್ತದೆ. ದಿನವಿಡೀ 1 ಲಕ್ಷ ಕ್ಯುಸೆಕ್ ಬಿಟ್ಟರೆ ಖಾಲಿಯಾಗುವುದು 8.64 ಟಿಎಂಸಿ. ಅಂದರೆ ಇಡೀ ಅಣೆಕಟ್ಟು ಖಾಲಿಯಾಗಲು 12 ದಿನ. ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಗೆ ಸೇರಿ, ಸಾಂಗ್ಲಿ ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ರಾಜಾಪುರ ಬ್ಯಾರೇಜ್ ಹಾಯ್ದು ನಮ್ಮಲ್ಲಿಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಬೇಕು. ದನ ಬಿಚ್ಚಲು, ಜೋಳ ಹೇರಲು ಆ ಒಂದು ದಿನ ಸಾಕು. ‘ಒಡದೈತಿ’ ಎಂಬ ಸುಳ್ಳಿಗೆ ನಡುರಾತ್ರಿ ಓಡುವವರಿಗೆ ಆ ದಿನ ಸಿಗುವುದಿಲ್ಲ. ಹತ್ತು ಸಲ ಓಡಿ ಸುಸ್ತಾದವರು ಹನ್ನೊಂದನೇ ಸಲ ನಿಜವಾದ ಡಂಗುರಕ್ಕೂ ಏಳುವುದಿಲ್ಲ.

ಇನ್ನೊಂದು ಲೆಕ್ಕ ಜಲವಿಜ್ಞಾನದ ಪಾಠದಲ್ಲಿ ಬಂತು. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಅಂದರೆ ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿವರ್ಷ ಅದರ ಸಾಧ್ಯತೆ 1% ಎಂದು. 30 ವರ್ಷ ಬಾಳುವ ಮನೆಯೊಂದು ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ 26%. ಪಾಠ ಕೇಳುತ್ತಿದ್ದ ನನಗೆ ಸುಣ್ಣದ ಗೆರೆ ನೆನಪಾಯಿತು. 2005, 2019, ಮತ್ತೆ 2021ರ ಜುಲೈ. ನಮ್ಮ ಭಾಗಕ್ಕೆ 16 ವರ್ಷಗಳಲ್ಲಿ ಮೂರು ಮಹಾಪೂರ.

ಆಯಿ ಕೇಳಿದ ಕಲ್ಲಿನ ಹೆಸರು 2024 ವೈಆರ್4. ಸುಮಾರು 60 ಮೀಟರ್ ಅಗಲದ್ದು. ಬಿದ್ದರೂ ಒಂದು ನಗರಕ್ಕೆ ಆಪತ್ತು, ಜಗತ್ತಿಗಲ್ಲ. 2032ರ ಡಿಸೆಂಬರಿನಲ್ಲಿ ಅದು ಭೂಮಿಗೆ ಬಡಿಯುವ ಸಾಧ್ಯತೆ ಫೆಬ್ರುವರಿಯಲ್ಲಿ ಒಮ್ಮೆ 3.1%ಕ್ಕೆ ಏರಿತ್ತು. ಇನ್ನಷ್ಟು ಅಳತೆ ಸಿಕ್ಕ ಮೇಲೆ ಕೆಲವೇ ದಿನಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಆ 3%ಕ್ಕೆ ಹೆದರಿ ಕಾಕಾ ಮನೆ ಬೇಡ ಎಂದರು. 26%ರ ಮಾತು ನಮ್ಮ ಕಟ್ಟೆಯ ಮೇಲೆ ಒಮ್ಮೆಯೂ ಬಂದದ್ದಿಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇದೆ ಎಂದು ನನಗನಿಸುತ್ತದೆ. ಪ್ರಳಯಕ್ಕೆ ಯಾರೂ ಹೊಣೆಯಲ್ಲ. ನೆರೆಗೆ ಹೊಣೆ ಇದೆ. ನೀರಿನಂಚಿನವರೆಗೆ ಕಬ್ಬು ಹಚ್ಚಿದವರು ನಾವು. ಹಳ್ಳ ಒತ್ತಿದವರು ನಾವು. ಯಾವ ಅಣೆಕಟ್ಟನ್ನು ಯಾವಾಗ ಎಷ್ಟು ತುಂಬಬೇಕು ಎಂದು ಎರಡು ರಾಜ್ಯಗಳು ಕೂತು ಮಾತಾಡಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ, ಮಳೆ ಬಂದರೆ ಜೋರಾಗಿ ಬರುತ್ತದೆ. ಅದಕ್ಕೆ ತಕ್ಕಂತೆ ಊರು, ಸೇತುವೆ ಕಟ್ಟಬೇಕು. ಇದೆಲ್ಲ ಕಷ್ಟದ ಕೆಲಸ. ‘ಲೋಕಾನ ಮುಳಗತೈತಿ’ ಎಂದುಬಿಟ್ಟರೆ ಯಾವ ಕೆಲಸವೂ ಇಲ್ಲ.

ಹೊಸ ಗೆರೆ

ಆ ರಾತ್ರಿ ಆಯಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಆಯಿ, ಕಲ್ಲ ಬೀಳೂದಿಲ್ಲ. ಹೊಳಿ ಮಾತ್ರ ಮತ್ತ ಬರತೈತಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ನನಗ ಗೊತ್ತೈತಿ’ ಎಂದಳು.

ವಾರದ ಕೊನೆಗೆ ಊರಿಗೆ ಹೋದೆ. ಕಾಕಾನ ಎದುರು ಕೂತು, 2019ರಲ್ಲಿ ಮೆಸೇಜ್ ತಂದವನು ನಾನು, ಗೋಡೆ ನೋಡದೆ ಹೋದವನೂ ನಾನು ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಕಾಕಾ ನಕ್ಕರು. ‘ನೀ ಆಗ ಸಣ್ಣಾವ ಇದ್ದಿ. ನಾವೆಲ್ಲಾ ದೊಡ್ಡಾವ್ರ ಇದ್ವಲ್ಲ’ ಎಂದರು. ಆಮೇಲೆ ಟೇಪು ತರಲು ಹೇಳಿದರು. ಬಿದ್ದುಹೋದ ಗೋಡೆಯ ಮೇಲಿನ ಗೆರೆಗಳು ಹೋಗಿದ್ದವು. ಬಸವಣ್ಣನ ಗುಡಿಯ ಕಂಬದ ಮೇಲೆ 2019ರ ನೀರಿನ ಕಲೆ ಇನ್ನೂ ಇತ್ತು. ಅಲ್ಲಿಂದ ನೀರು ತುಂಬಿದ ಪೈಪಿನಿಂದ ಮಟ್ಟ ಹಿಡಿದುಕೊಂಡು ನಮ್ಮ ಜಾಗದವರೆಗೆ ಬಂದೆವು. ಅಷ್ಟು ಎತ್ತರದ ಪ್ಲಿಂತ್‌ಗೆ ಕಲ್ಲು, ಸಿಮೆಂಟು ಎಷ್ಟು ಬೇಕೆಂದು ನಾನು ಲೆಕ್ಕ ಹಾಕಿದೆ. ಖರ್ಚು ಕೇಳಿ ಅಪ್ಪನ ಮುಖ ಸಣ್ಣದಾಯಿತು. ಊರಿನ ಮೇಲ್ಭಾಗದಲ್ಲಿ ಜಾಗ ನೋಡುವುದೋ, ಇಲ್ಲೇ ಎತ್ತರಿಸುವುದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಈಗ ಜಗಳ ಮನೆಯ ಬಗ್ಗೆ ನಡೆದಿದೆ, ಆಕಾಶದ ಬಗ್ಗೆ ಅಲ್ಲ.

ಮಳೆಗಾಲ ಶುರುವಾದರೆ ಕಾಕಾ ದಿನವೂ ಎರಡು ಸಂಖ್ಯೆಗಳನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ಕೊಯ್ನಾದಿಂದ ಬಿಟ್ಟದ್ದು, ರಾಜಾಪುರದಿಂದ ಬಂದದ್ದು. ಓಣಿಯವರು ಬಂದು ನೋಡಿ ಹೋಗುತ್ತಾರೆ. ರಾತ್ರಿ ಏನಾದರೂ ಮೆಸೇಜ್ ಬಂದರೆ ಮೊದಲು ನನಗೆ ಫೋನ್ ಬರುತ್ತದೆ.

‘ತಮ್ಮಾ, ಇದು ಖರೇ ಏನು?’

ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ, ಮೊದಲು ದನ ಎಲ್ಲಿ ಕಟ್ಟೀರಿ ಎಂದು ಕೇಳುತ್ತೇನೆ.